ಆಯಿಯ ಬಾಯಿಗೆ ‘ಸ’ ಕಟ್ಟಿದ್ದು

ಎಪ್ಪತ್ತರ ದಶಕದ ನಡುವಿನ ಮಾತು. ಬಸವನ ಬಾಗೇವಾಡಿಯಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ಎರಡನೆಯ ಬೇಸಿಗೆ ನಡೆದಿತ್ತು. ದವಾಖಾನೆ ಎಂದರೆ ಒಂದು ಖೋಲಿ, ಒಂದು ಕುರ್ಚಿ, ಕಾಲಿನಿಂದ ತುಳಿದು ತಿರುಗಿಸುವ ಒಂದು ಯಂತ್ರ. ಹಿಂದಿನ ಅಡುಗೆಮನೆಯಲ್ಲಿ ಸೀಮೆಎಣ್ಣೆಯ ಸ್ಟೌ, ಅದರ ಮೇಲೆ ಹಲ್ಲಿನ ಸೆಟ್ಟು ಕುದಿಸುವ ಬೋಗುಣಿ. ಸೆಟ್ಟು ಮಾಡಿಕೊಡುವ ಕಾರಿಗರ ಬೇಕೆಂದರೆ ಸೊಲ್ಲಾಪುರಕ್ಕೆ ಹೋಗಬೇಕು. ಆದ್ದರಿಂದ ಅಚ್ಚು ತೆಗೆಯುವುದರಿಂದ ಹಿಡಿದು ಹೊಳಪು ಕೊಡುವವರೆಗೆ ಎಲ್ಲ ನಾನೇ. ಮುಂಬಯಿಯಲ್ಲಿ ಕಲಿತು ಬಂದವನೆಂಬ ಸೊಕ್ಕು ಮೈತುಂಬ ಇತ್ತು. ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಬಂದವರ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದು ವಾರವಾಗಿತ್ತು. ಮುಳವಾಡದ ಬಸ್ಸಿನಿಂದ ಇಳಿದ ಇಬ್ಬರು ಹೆಂಗಸರು ನೇರ ನನ್ನ ಬಾಗಿಲಿಗೆ ಬಂದರು. ಒಬ್ಬಳು ಅರವತ್ತು ದಾಟಿದ ಮುದುಕಿ, ಹಣೆ ತುಂಬ ಕುಂಕುಮ, ನಡಿಗೆಯಲ್ಲಿ ದರ್ಪ. ಇನ್ನೊಬ್ಬಳಿಗೆ ನಲವತ್ತರ ಆಸುಪಾಸು. ಮುದುಕಿ ಕುರ್ಚಿಯಲ್ಲಿ ಕೂತವಳೇ, “ನನಗ ಹವಾಲ ಹಾಕಾಕ ಹಲ್ಲ ಬೇಕ್ರಿ” ಅಂದಳು.

ಹವಾಲ ಎಂಬ ಪದಾರ್ಥ ಯಾವುದೆಂದು ನನಗೆ ಹೊಳೆಯಲಿಲ್ಲ. ಜೊತೆಯವಳು ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದಳು.

“ಸವಾಲ್ರಿ ಡಾಕ್ಟರ. ನಮ್ಮ ದೊಡ್ಡವ್ವ ನಾಗೇಶಿ ಹಾಡಾಕಿ.”

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಎರಡು ಮೇಳಗಳು ಎದುರುಬದುರು ಕೂತು ಹಾಡಿನಲ್ಲೇ ಜಗಳ ಮಾಡುತ್ತವೆ. ಹರದೇಶಿ ಮೇಳದವರು ಗಂಡು ಹೆಚ್ಚು ಎನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಜವಾಬಿನ ಕೊನೆಯ ನುಡಿಯನ್ನು ಎದುರಿನವನು ತಿರುಗಿ ಹೇಳಿ, ಆಮೇಲೆ ಅದನ್ನು ಮುರಿಯಬೇಕು. ಹೀಗಾಗಿ ಮಾತು ಸ್ಪಷ್ಟವಿಲ್ಲದವರ ಕಥೆ ಅಲ್ಲಿಗೆ ಮುಗಿಯಿತು.

ಎಲ್ಲರೂ ಆಯಿ ಎನ್ನುತ್ತಿದ್ದ ಈ ಮುದುಕಿಯ ಕಥೆ ಮುಗಿಯುವ ಹಂತಕ್ಕೆ ಬಂದಿತ್ತು. ಇಂಡಿ ತಾಲೂಕಿನ ಝಳಕಿಯ ಹರದೇಶಿ ಹಾಡುಗಾರನೊಬ್ಬ ಮೂವತ್ತು ವರ್ಷದಿಂದ ಅವಳ ಎದುರಾಳಿ. ಅವಳಷ್ಟೇ ವಯಸ್ಸು, ಆದರೆ ಬಾಯಲ್ಲಿ ಮೂವತ್ತೆರಡೂ ಹಲ್ಲು ಭದ್ರ. ಹೋದ ಸುಗ್ಗಿಯಲ್ಲಿ ಆತ ಆಯಿಯ ಕೊನೆಯ ನುಡಿಯನ್ನು ತುಟಿ ಒಳಗೆ ಮಡಚಿಕೊಂಡು, ಅವಳ ಹಾಗೆಯೇ ತೊದಲಿ ತಿರುಗಿ ಹೇಳಿದನಂತೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮರುದಿನ ಮೇಳದವರು ಆಯಿಗೆ ಮುಖ ಕೊಡದೆ ಹೇಳಿದರಂತೆ, ವೈಶಾಖದ ಬಾದಾಮಿ ಅಮಾವಾಸ್ಯೆಗೆ ಗೊಳಸಂಗಿಯಲ್ಲಿ ಹಾಡಿಕೆ ಇದೆ, ಅಷ್ಟರೊಳಗೆ ಮಾತು ತಿಳಿಯುವ ಹಾಗೆ ಆಗದಿದ್ದರೆ ನೀನು ಹಿಂದೆ ಕೂತು ‘ಗೀ ಗೀ’ ಅನ್ನು, ಮುಂದೆ ಬೇರೆಯವರು ಕೂಡುತ್ತಾರೆ ಎಂದು.

“ಬ್ಯಾರೇದವರು ಯಾರಂದ್ರ ಇಕಿನ” ಎಂದು ಆಯಿ ಪಕ್ಕದವಳ ಕಡೆ ಬೆರಳು ಮಾಡಿದಳು. “ನನ್ನ ತಂಗಿ ಮಗಳು. ನಾನ ಕಲಿಸೇನಿ. ಈಗ ನನ್ನ ಜಾಗಾ ಹಾಸಿಗಿ ಸಮೇತ ಬೇಕಂತ ಇಕಿಗಿ.”

“ನಾ ಎಲ್ಲಿ ಕೇಳೀನ ದೊಡ್ಡವ್ವ?” ತಂಗಿಮಗಳ ಕಣ್ಣಲ್ಲಿ ನೀರು ಬಂತು.

“ಕೇಳಿಲ್ಲ, ಅದು ಖರೆ. ಅದಕ್ಕ ಜೋಡಿ ಕರಕೊಂಡ ಬಂದೇನಿ.”

ಆಯಿ ಆಡಿದ್ದನ್ನೆಲ್ಲ ಅವಳು ಆಡಿದ ಹಾಗೆಯೇ ಬರೆದರೆ ಓದುವವರಿಗೆ ಪ್ರಾಣಸಂಕಟ. ತಂಗಿಮಗಳು ತಿದ್ದಿ ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಬಾಯಿ ತೆರೆಸಿ ನೋಡಿದೆ. ಮೇಲಿನ ಹಲ್ಲು ಹೋಗಿ ಹತ್ತು ವರ್ಷವಾಗಿತ್ತು. ಒಸಡು ಸವೆದು ಸಪಾಟಾಗಿತ್ತು. ಕೆಳಗೆ ನಾಲ್ಕು ಹಲ್ಲು ಉಳಿದಿದ್ದವು, ನಾಲ್ಕೂ ಅಲುಗಾಡುತ್ತಿದ್ದವು. ನಾಲಿಗೆಯಂತೂ ಖಾಲಿ ಜಾಗವನ್ನೆಲ್ಲ ಆಕ್ರಮಿಸಿ ಅಗಲವಾಗಿ ಹಬ್ಬಿತ್ತು. ವಯಸ್ಸಾದ ಬಾಯಿಯಲ್ಲಿ ಇದು ಇದ್ದದ್ದೇ. ದವಡೆ ಕುಗ್ಗುತ್ತದೆ, ತುಟಿ ಒಳಗೆ ಬೀಳುತ್ತದೆ. ನಾಲಿಗೆಯ ತುದಿಗೆ ಆನಿಕೊಳ್ಳಲು ಹಲ್ಲೇ ಇಲ್ಲದ್ದರಿಂದ ತ, ದ, ನ ಮೆತ್ತಗಾಗುತ್ತವೆ, ಸ ಸೋರಿಹೋಗುತ್ತದೆ. ನಮ್ಮ ಕಡೆಯವರಿಗೆ ಇದರಲ್ಲಿ ಇಮ್ಮಡಿ ನಷ್ಟ, ಏಕೆಂದರೆ ನಾವು ಶ ಇದ್ದಲ್ಲೂ ಸ ಅನ್ನುವವರು. ಶಿವನೂ ಸಿವ, ಶಕ್ತಿಯೂ ಸಕ್ತಿ. ಒಂದು ಅಕ್ಷರ ಕೆಟ್ಟರೆ ದೇವರೂ ಹೋದ, ದೇವಿಯೂ ಹೋದಳು.

ನಾಲ್ಕು ಹಲ್ಲು ಕಿತ್ತೆ. ಒಸಡು ಮಾಯಲು ಆರು ವಾರ ಬಿಟ್ಟೆ. ಆಮೇಲೆ ಬಿಸಿನೀರಿನಲ್ಲಿ ಮೆತ್ತಗಾಗುವ ಕಂದು ಮೇಣದಿಂದ ಅಚ್ಚು ತೆಗೆದೆ. ಅಚ್ಚಿಗೆ ಗಚ್ಚು ಸುರಿದು, ಅದರ ಮೇಲೆ ಮೇಣದ ಕಟ್ಟೆ ಕಟ್ಟಿ, ಬಾಯಿ ಎಷ್ಟು ಮುಚ್ಚಬೇಕು, ತುಟಿ ಎಷ್ಟು ಉಬ್ಬಬೇಕು ಎಂದು ಅಳೆದೆ. ಮೇಣದಲ್ಲಿ ಹಲ್ಲು ಸಾಲಾಗಿ ಜೋಡಿಸಿ ಅವಳನ್ನು ಪರೀಕ್ಷೆಗೆ ಕರೆಸಿದೆ. ಪಕ್ಕಾ ಸೆಟ್ಟು ಕುದಿಸುವ ಮೊದಲು ಏನಾದರೂ ತಿದ್ದುವುದಿದ್ದರೆ ಇದೇ ಕೊನೆಯ ಅವಕಾಶ. ಮಾತಿನ ಪರೀಕ್ಷೆ ಹೇಗೆಂದು ನನ್ನ ದಪ್ಪ ಪುಸ್ತಕದಲ್ಲಿ ಸಾಫ್ ಬರೆದಿತ್ತು, ರೋಗಿ ಅರವತ್ತರಿಂದ ಅರವತ್ತೊಂಬತ್ತರವರೆಗೆ ಎಣಿಸಬೇಕು ಎಂದು. ಮುಂಬಯಿಯಲ್ಲಿ ನೂರಾರು ಸಲ ಮಾಡಿಸಿದ್ದೆ.

“ಆಯಿ, ಅರವತ್ತರಿಂದ ಅರವತ್ತೊಂಬತ್ತರ ತನಕಾ ಎಣಸ್ರಿ.”

“ಯಾಕ? ನನ್ನ ಪ್ರಾಯ ಕೇಳಾಕತ್ತೀರೇನು?”

“ಅಲ್ರಿ, ಮಾತು ಹ್ಯಾಂಗ ಬರ್ತಾವ ನೋಡೂದೈತಿ.”

ಆಯಿ ಎಣಿಸಿದಳು. ಅರವತ್ತು, ಅರವತ್ತೊಂದು, ಅರವತ್ತೆರಡು. ಒಂದೊಂದೂ ಸ್ವಚ್ಛ. ತಂಗಿಮಗಳು ಕೈ ಮುಗಿದಳು. ನಾನು ಹೆಮ್ಮೆಯಿಂದ ಉಬ್ಬಿ, ಅದೇ ಸಂಜೆ ಸೆಟ್ಟನ್ನು ಗಚ್ಚಿನಲ್ಲಿ ಹೂತು, ಮೇಣ ಕರಗಿಸಿ, ಒಸಡಾಗಿ ಗಟ್ಟಿಯಾಗುವ ಗುಲಾಬಿ ಹಿಟ್ಟು ತುಂಬಿ, ಬಿಗಿದು ಕುದಿಸಿದೆ. ಎರಡು ದಿನದಲ್ಲಿ ಹೊಳೆಯುವ ಸೆಟ್ಟು ಆಯಿಯ ಬಾಯಿ ಸೇರಿತು. “ಬಾಯಾಗ ಯಾರೋ ಕೆರ ಬಿಟ್ಟ ಹೋದಂಗ ಆಗೈತಿ” ಅಂದಳು. ಹೊಸದರಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ರೂಢಿಯಾಗುತ್ತದೆ ಎಂದು ಕಳಿಸಿದೆ.

ಐದನೆಯ ದಿನ ಇಬ್ಬರೂ ಮರಳಿ ಬಂದರು. ಆಯಿ ಬಾಯಿ ಬಿಗಿಹಿಡಿದು ಕೂತಿದ್ದಳು. ತಂಗಿಮಗಳಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಏನಾತ್ರಿ?”

ಆಯಿ ಬಾಯಿ ತೆರೆದಳು. “ಸುಮ್ಮ ಕುಂತವರಿಗಿ ಸೀಟಿ ಕೊಟ್ಟಿರಲ್ಲ!”

ಪ್ರತಿ ಸಕಾರಕ್ಕೂ ಒಂದು ಸಿಳ್ಳೆ. ಸಣ್ಣ ಸಿಳ್ಳೆಯಲ್ಲ, ಬಸ್ ಕಂಡಕ್ಟರನ ಸೀಟಿಯ ಹಾಗೆ ಕಿವಿಯಲ್ಲಿ ಹೊಕ್ಕು ಹೊರಬರುವಂಥದ್ದು. ಬರುವಾಗಲೇ ಒಂದು ಅನಾಹುತ ಆಗಿತ್ತಂತೆ. ಕಂಡಕ್ಟರ್ ಕೆಳಗಿಳಿದು ಯಾರದೋ ಚೀಲ ಟಪ್ಪಿನ ಮೇಲೆ ಹಾಕಿಸುತ್ತಿದ್ದ. ಆಯಿ ಪಕ್ಕದ ಹೆಂಗಸಿಗೆ “ಸೊಲ್ಪ ಸರಿ ತಂಗಿ” ಅಂದಳು. ಎರಡು ಸ, ಎರಡು ಸೀಟಿ. ಎರಡು ಸೀಟಿ ಎಂದರೆ ಹೊರಡು ಎಂದರ್ಥ. ಡ್ರೈವರ್ ಗಾಡಿ ಬಿಟ್ಟ. ಕಂಡಕ್ಟರ್ ಒಂದು ಫರ್ಲಾಂಗು ಹಿಂದೆ ಓಡಿ ಬಂದ.

ನಾನು ನಂಬಲಿಲ್ಲ. “ದೇವರಾಣಿ ಖರೇರಿ” ಎಂದು ತಂಗಿಮಗಳು ಗಂಟಲು ಮುಟ್ಟಿಕೊಂಡಳು. “ಮತ್ತ ಆಂವ ಬಂದು ಯಾರ ಸೀಟಿ ಹೊಡದವರು ಅಂತ ಜಗಳಾ ತಗದ್ರ, ದೊಡ್ಡವ್ವ ‘ಸುಳ್ಳ ಸಾಕ ಮಾಡು’ ಅಂದಳು. ಮತ್ತ ಗಾಡಿ ಜಿಗೀತು.”

ಇಂಥ ಹೊತ್ತಿನಲ್ಲಿ ನಮ್ಮ ಕಸುಬಿನವರು ಆಡುವ ಮಾತೊಂದಿದೆ. ನಾನೂ ಆಡಿದೆ. “ರೂಢಿ ಆಗ್ತದ್ರಿ ಆಯಿ. ತಿಂಗಳೊಪ್ಪತ್ತು ತಡೀರಿ.”

ಆಯಿಗೆ ಸಿಟ್ಟು ಬಂದರೆ ಡಾಕ್ಟರ ಹೋಗಿ ತಮ್ಮ ಆಗುತ್ತಿದ್ದೆ, ರಿ ಹೋಗಿ ನೀ ಬರುತ್ತಿತ್ತು. “ಯಾರಿಗಿ ರೂಢಿ ಆಗ್ತದ ತಮ್ಮಾ? ನನಗೋ, ಕೇಳೂ ಮಂದಿಗೋ? ಅಮಾಸಿ ಹದಿನಾರ ದಿನ ಐತಿ. ಝಳಕಿಯಾಂವ ನನ್ನ ಮುಂದ ಕುಂತು ಸೀಟಿ ಊದಿದ್ರ ಮಂದಿ ಎದ್ದು ಬಸ್ ಹತ್ತತಾರ.”

ಅವರು ಹೋದ ಮೇಲೆ ಪುಸ್ತಕ ತೆಗೆದು ಕೂತೆ. ಪರೀಕ್ಷೆಯಲ್ಲಿ ಪಾಸಾದ ಸೆಟ್ಟು ಊರಿಗೆ ಹೋಗಿ ಹೇಗೆ ನಪಾಸಾಯಿತು? ಅರವತ್ತು, ಅರವತ್ತೊಂದು ಎಂದು ನಾನೇ ದೊಡ್ಡದಾಗಿ ಎಣಿಸಿದೆ. ಅರವತ್ತಾರರ ಹತ್ತಿರ ಬಂದಾಗ ಬೆವರು ಬಂತು. ಇಂಗ್ಲಿಷಿನಲ್ಲಿ ಸಿಕ್ಸ್ಟಿ ಎಂದೊಡನೆ ಸ ಬರುತ್ತದೆ. ಮುಂಬಯಿಯ ಮರಾಠಿ ರೋಗಿಗಳು ಸಾಠ, ಏಕಸಷ್ಟ, ಬಾಸಷ್ಟ ಎನ್ನುತ್ತಿದ್ದರು, ಅದೂ ಸಕಾರದ ಸಂತೆ. ಕನ್ನಡದ ಅರವತ್ತರಲ್ಲಿ ಸ ಎಲ್ಲಿದೆ? ಎಪ್ಪತ್ತರಲ್ಲಿದೆಯೇ? ಒಂದರಿಂದ ಶುರು ಮಾಡಿ ನೂರರವರೆಗೆ ಎಣಿಸಿದೆ, ಒಂದೇ ಒಂದು ಸ ಸಿಗಲಿಲ್ಲ. ಸ ಬೇಕೆಂದರೆ ಸಾವಿರದವರೆಗೆ ಹೋಗಬೇಕು. ಪಕ್ಕದ ಖೋಲಿಯ ಟೇಲರ್ ಮಿಷನ್ ನಿಲ್ಲಿಸಿ, “ಡಾಕ್ಟ್ರ, ಎಲ್ಲಾ ಆರಾಮ ಐತಿಲ್ಲೋ?” ಎಂದು ಕೇಳಿದ.

ಆರಾಮ ಇರಲಿಲ್ಲ. ಎರಡು ವರ್ಷ ನಾನು ಹಲ್ಲು ಕಟ್ಟಿದವರಿಗೆಲ್ಲ ಸ ಇಲ್ಲದ ಅಂಕಿ ಹೇಳಿಸಿ, ಸ ಸರಿಯಿದೆ ಎಂದು ಶಹಬ್ಬಾಸಗಿರಿ ಕೊಟ್ಟು ಕಳಿಸಿದ್ದೆ. ಅವರೆಲ್ಲ ಎಲ್ಲೆಲ್ಲಿ ಸಿಳ್ಳೆ ಹಾಕುತ್ತ ತಿರುಗುತ್ತಿದ್ದರೋ, ಡಾಕ್ಟರ ಹೇಳಿದ ರೂಢಿಗೆ ಕಾಯುತ್ತಿದ್ದರೋ. ನಾಚಿಕೆಯಿಂದ ಸತ್ತ ಹಾಗಾಯಿತು.

ಮರುದಿನ ಮುಳವಾಡದ ಬಸ್ಸಿಗೆ ಹೇಳಿ ಕಳಿಸಿದೆ, ಆಯಿ ಒಬ್ಬಳೇ ಅಲ್ಲ, ಇಡೀ ಮೇಳ ದಪ್ಪು, ತುಂತುಣಿ ವಾದ್ಯ ಸಮೇತ ಬರಲಿ ಎಂದು. ಬಂದವರ ಎದುರಿಗೇ ಸಣ್ಣ ಗರಗಸದಿಂದ ಸೆಟ್ಟಿನ ಮುಂದಿನ ಆರು ಹಲ್ಲು ಕೊಯ್ದು ತೆಗೆದೆ. ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಕೊಯ್ದ ಹಲ್ಲುಗಳನ್ನು ಮತ್ತೆ ಮೇಣದಲ್ಲಿ ಕೂರಿಸಿ, “ಈಗ ಎಣಸೂದು ಬ್ಯಾಡ ಆಯಿ, ಹಾಡ್ರಿ” ಅಂದೆ.

ಆಯಿ ಹಾಡಿದಳು. ದಪ್ಪಿನ ಸದ್ದಿಗೆ ಓಣಿಯ ಜನ ಬಾಗಿಲಲ್ಲಿ ನೆರೆದರು. ಸೀಟಿ ಇನ್ನೂ ಇತ್ತು. ಮುಂದಿನ ಹಲ್ಲಿನ ಹಿಂಬದಿಗೆ ಮೇಣ ಹಚ್ಚಿ ದಪ್ಪ ಮಾಡಿದೆ. ಸೀಟಿ ಹೋಯಿತು, ಆದರೆ ಸವಾಲು ಶವಾಲಾಯಿತು. ಕೆರೆದೆ. ಸೀಟಿ ಬಂತು. ಹಚ್ಚಿದೆ. ಶವಾಲು ಬಂತು. “ಹೆಣಾ ಎತ್ತಿದ್ದ ಸಾಕು, ಮುಂದಿಂದ ಮಾಡ್ರಿ” ಅಂದಳು ಆಯಿ. ಅಷ್ಟರಲ್ಲಿ ಬಾಗೇವಾಡಿಯ ಬಿಸಿಲು ತನ್ನ ಕೆಲಸ ಮಾಡಿತ್ತು. ಮೂರನೆಯ ನುಡಿಗೆ ಮೇಣ ಮೆತ್ತಗಾಗಿ, ಮುಂದಿನ ಆರು ಹಲ್ಲೂ ಹೊರಗೆ ಬಾಗಿ ನಿಂತವು. ಬಾಗಿಲಲ್ಲಿದ್ದ ಮಗುವೊಂದು ಕಿಟಾರನೆ ಚೀರಿತು. ಅಂದಿನಿಂದ ಒಂದೊಂದು ನುಡಿಗೂ ಹರವಿಯ ತಣ್ಣೀರು ಮುಕ್ಕಳಿಸಿ ಹಾಡಬೇಕೆಂದು ನಿಯಮ ಮಾಡಿದೆ.

ನಾಲ್ಕು ದಿನ ಹೀಗೇ ಹೋಯಿತು. ನಾಲಿಗೆ ಅಂಗುಳಿಗೆ ಎಲ್ಲಿ ತಾಗುತ್ತಿದೆ ಎಂದು ಕಾಣಬೇಕಿತ್ತು. ಸೆಟ್ಟಿನ ಅಂಗುಳಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಸ ಅನ್ನಿಸಿ, ಹೊರತೆಗೆದು ನೋಡಿದೆ. ನಾಲಿಗೆ ತಾಗಿದಲ್ಲಿ ಪೌಡರ್ ಒರೆಸಿಹೋಗಿರುತ್ತದೆ. “ಬಾಯಾಗ ಮದಿಮಗನ ವಾಸನಿ ಬರಾಕತ್ತೈತಿ” ಎಂದು ಆಯಿ ಗೊಣಗಿದಳು. ಗುರುತೇನೋ ಸಿಕ್ಕಿತು. ಆದರೆ ಸರಿಯಾದ ಸ ಎಂದರೆ ಯಾವ ಗುರುತು? ಪುಸ್ತಕದ ಚಿತ್ರದಲ್ಲಿದ್ದದ್ದು ಯಾವನೋ ಸಾಹೇಬನ ಅಂಗುಳು. ಅವನಿಗೆ ನಾಗೇಶಿ ಹಾಡು ಬರುತ್ತಿರಲಿಲ್ಲ.

ಆಗ ಮೂಲೆಯಲ್ಲಿ ತುಂತುಣಿ ಹಿಡಿದು ಕೂತಿದ್ದ ತಂಗಿಮಗಳು ಕಣ್ಣಿಗೆ ಬಿದ್ದಳು. ಆಯಿಯ ಬಾಯಿಂದಲೇ ಕಲಿತವಳು, ಆಯಿಯ ಹಾಗೆಯೇ ಸ ಅನ್ನುವವಳು, ಬಾಯಿ ತುಂಬ ಹಲ್ಲಿರುವವಳು. ಅವಳ ಅಂಗುಳಿನ ಅಚ್ಚು ತೆಗೆದು ತೆಳ್ಳನೆಯ ತಗಡಿನಂಥ ತಟ್ಟೆ ಮಾಡಿದೆ. ಅದಕ್ಕೆ ಪೌಡರ್ ಹಾಕಿ ಬಾಯಲ್ಲಿ ಕೂರಿಸಿ “ಸ ಅನ್ರಿ” ಅಂದೆ. ಅವಳು ಹಿಂದೆಮುಂದೆ ನೋಡಿದಳು. ಈ ಸೆಟ್ಟು ಸರಿಯಾದರೆ ಮುಂದಿನ ಜಾಗ ತನಗೆ ಸಿಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಮೇಳಕ್ಕೂ ಗೊತ್ತಿತ್ತು.

“ಅನ್ನ ಹುಡಿಗಿ, ನನ್ನ ಸ ನನಗ ತಿರಿಗಿ ಕೊಡು” ಅಂದಳು ಆಯಿ.

ಅವಳು ಅಂದಳು. ಅಂಗುಳಿನ ನಡುವೆ ಸಣ್ಣದೊಂದು ಕಾಲುವೆ ಬಿಟ್ಟು ಎರಡೂ ಬದಿ ನಾಲಿಗೆ ತಾಗಿತ್ತು. ಆ ಕಾಲುವೆ ಆಯಿಯ ಸೆಟ್ಟಿನಲ್ಲಿ ಬಹಳ ಕಿರಿದಾಗಿತ್ತು, ಸೀಟಿ ಹುಟ್ಟುತ್ತಿದ್ದುದು ಅಲ್ಲಿಂದಲೇ. ತಂಗಿಮಗಳ ಗುರುತನ್ನು ಪಕ್ಕದಲ್ಲಿಟ್ಟುಕೊಂಡು ಮೇಣವನ್ನು ಒಂದಿಷ್ಟು ಹಚ್ಚುತ್ತ, ಒಂದಿಷ್ಟು ಕೆರೆಯುತ್ತ ಸಂಜೆ ಮಾಡಿದೆ. ಕೊನೆಗೆ ಆಯಿ “ಸಿವ ಸಕ್ತಿ ಸರಿಸಮ ಅಂತ ಸುಳ್ಳ ಸಾರಬ್ಯಾಡ” ಎಂದು ಒಂದೇ ಉಸಿರಿನಲ್ಲಿ ಹಾಡಿದಳು. ಸೀಟಿ ಇಲ್ಲ, ಶವ ಇಲ್ಲ. ಟೇಲರ್ ಗೋಡೆಯಾಚೆಯಿಂದ “ಭಲೆ” ಅಂದ. ನನ್ನ ಕಣ್ಣು ಒದ್ದೆಯಾಗಿತ್ತು, ಹೇಳಲು ಸಂಕೋಚವಿಲ್ಲ. ಮತ್ತೆ ಕುದಿಸಿ ಸೆಟ್ಟು ಪಕ್ಕಾ ಮಾಡಿ ಕೊಟ್ಟೆ. ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇತ್ತು.

ಅಮಾವಾಸ್ಯೆಯ ಮುಂಜಾನೆ ದವಾಖಾನೆಗೆ ಬೀಗ ಹಾಕಿ ಗೊಳಸಂಗಿಗೆ ಹೋದೆ. ಹನುಮಪ್ಪನ ಗುಡಿಯ ಮುಂದೆ ಬೇವಿನ ಮರದ ನೆರಳಿಗೆ ಜನ ಕಿಕ್ಕಿರಿದಿದ್ದರು. ಆಯಿ ಮೇಳದ ಮುಂದೆ ಕೂತಿದ್ದಳು, ತಂಗಿಮಗಳು ಹಿಂದೆ. ಝಳಕಿಯವನು ರುಮಾಲು ಸುತ್ತಿ, ಮೂವತ್ತೆರಡೂ ಕಾಣುವಂತೆ ನಗುತ್ತಿದ್ದ. ಆಯಿ ಮೊದಲ ನುಡಿ ಎತ್ತಿದಳು. ಒಂದೊಂದು ಅಕ್ಷರವೂ ಆ ತುದಿಯಲ್ಲಿ ನಿಂತವನಿಗೂ ಕೇಳಿಸುತ್ತಿತ್ತು. ಮುಂಚಿನ ಹಾಗೆ ದನಿ ಎಳೆದು ನಿಲ್ಲಿಸಲು ಉಸಿರು ಸಾಲುತ್ತಿರಲಿಲ್ಲ. ಎಳೆಯುವುದನ್ನು ಹಿಮ್ಮೇಳಕ್ಕೆ ಬಿಟ್ಟು ಮಾತನ್ನು ಮಾತ್ರ ತಾನು ಇಟ್ಟುಕೊಂಡಿದ್ದಳು. ಝಳಕಿಯವನ ನಗು ಮಾಯವಾಯಿತು. ನಾನು ತಡೆಯಲಾರದೆ ಪಕ್ಕದವನಿಗೆ, “ಆ ಹಲ್ಲು ನನ್ನವು” ಅಂದೆ. ಆತ ನನ್ನ ಬಾಯಿ ನೋಡಿ ಸ್ವಲ್ಪ ದೂರ ಸರಿದು ಕೂತ.

ಮಧ್ಯಾಹ್ನದ ಹೊತ್ತಿಗೆ ಝಳಕಿಯವನು ದೊಡ್ಡ ಸವಾಲು ಎಸೆದ.

“ಸಮುದ್ರದಾಗಿನ ಉಪ್ಪ ಮೊದಲೋ, ಕಣ್ಣೀರಾಗಿನ ಉಪ್ಪ ಮೊದಲೋ, ಹೇಳ ನಾಗೇಶಿ!”

ಆಯಿ ತಡಮಾಡಲಿಲ್ಲ. ಸಮುದ್ರ ಹುಟ್ಟುವುದಕ್ಕೆ ಮೊದಲೇ ಹೆತ್ತವಳು ಅತ್ತಳು ಎಂದು ಎತ್ತಿದಳು. ಎರಡನೆಯ ನುಡಿ ಹಾಡಿದಳು. ಮೂರನೆಯದಕ್ಕೆ ಬಾಯಿ ತೆರೆದವಳು ಹಾಗೇ ಉಳಿದಳು. ದಪ್ಪು ಒಂದು ಸುತ್ತು ಹೋಗಿ ಬಂತು. ಮತ್ತೊಂದು ಸುತ್ತು. ಹಿಂದಿನಿಂದ ತಂಗಿಮಗಳು ಏನೋ ಪಿಸುಗುಟ್ಟಿದಳು, ದಪ್ಪಿನ ಸದ್ದಿನಲ್ಲಿ ಅದು ಮುಟ್ಟಲಿಲ್ಲ. ಝಳಕಿಯವನು ಮುಂದಕ್ಕೆ ಬಾಗಿದ. ಸೆಟ್ಟು ಎಲ್ಲಿಯಾದರೂ ಚುಚ್ಚಿತೋ ಎಂದು ನಾನು ಮಂಡಿಯೂರಿ ಕತ್ತು ಚಾಚಿದೆ.

ಆಗ ಆಯಿ ಬಾಯಿಗೆ ಕೈ ಹಾಕಿದಳು. ಮೇಲಿನದು ಸುಲಭಕ್ಕೆ ಬಿಡಲಿಲ್ಲ, ಎರಡು ಸಲ ಜಗ್ಗಬೇಕಾಯಿತು. ಮೇಲಿನದು, ಕೆಳಗಿನದು ಎರಡನ್ನೂ ತೆಗೆದು, ಜನಕ್ಕೆಲ್ಲ ಕಾಣುವಂತೆ ಎತ್ತಿ ತೋರಿಸಿ, ಸೊಂಟದ ಸಂಚಿಯಲ್ಲಿ ಇಟ್ಟಳು. ಕಣ್ಣು ಮುಚ್ಚಿ ಬೊಚ್ಚುಬಾಯಿಯಲ್ಲಿ ಮೂರನೆಯ ನುಡಿ ಹಾಡಿದಳು. ಹವ ಹಹ್ತಿ ಹಂಹಾರ ಎಂದು ಏನೇನೋ, ತಾಳ ಒಂದಿಷ್ಟೂ ತಪ್ಪದೆ, ಒಂದು ಅಕ್ಷರವೂ ತಿಳಿಯದೆ.

ನಾನು ತಲೆ ಮೇಲೆ ಕೈ ಹೊತ್ತೆ. ಮರದ ಬುಡದಲ್ಲಿದ್ದ ಒಬ್ಬ ಮುದುಕ ಎದ್ದು ನಿಂತು ಕೂಗಿದ, “ಆಕಿ ಒಗಟಿನ ಬೆಡಗ ತಿಳೀಲಿಲ್ಲೇನೋ? ಹುಟ್ಟಿದ ಕೂಸಿಗಿ ಹಲ್ಲಿಲ್ಲ, ಮಾತಿಲ್ಲ, ಅಳು ಐತಿ! ಅಳುನ ಮೊದಲು ಅಂತ ತೋರಿಸ್ಯಾಳ ಆಯಿ!” ಗುಡಿಯ ಮುಂದೆ ಚಪ್ಪಾಳೆ, ಶಿಳ್ಳೆ, ಕೇಕೆ. ಈಗ ಆ ನುಡಿಯನ್ನು ತಿರುಗಿ ಹೇಳುವ ಸರದಿ ಝಳಕಿಯವನದು. ಮುಂಜಾನೆಯಿಂದ ಅಷ್ಟು ಸ್ವಚ್ಛ ಹಾಡಿದವಳು ಬೇಕೆಂದೇ ಹೀಗೆ ಹಾಡಿದ್ದಾಳೆ ಎಂದು ಎಲ್ಲರೂ ಒಪ್ಪಿಯಾಗಿತ್ತು. ಆತ ತುಟಿ ಮಡಚಿ “ಹವ ಹಹ್” ಎನ್ನುವಷ್ಟರಲ್ಲಿ, “ಹಲ್ಲ ತಗದು ಹೇಳೋ!” ಎಂದು ಯಾರೋ ಕೂಗಿದರು. ಆತ ರುಮಾಲು ತೆಗೆದು ನೆಲಕ್ಕಿಟ್ಟು ಕೈ ಮುಗಿದ. ಆಯಿ ಸಂಚಿಯಿಂದ ಸೆಟ್ಟು ತೆಗೆದು, ನೀರು ಮುಕ್ಕಳಿಸಿ, ಹಾಕಿಕೊಂಡು ಮಂಗಳದ ಪದ ಎತ್ತಿದಳು.

ಹಾಡಿಕೆ ಮುಗಿದ ಮೇಲೆ ಗುಡಿಯ ಹಿಂದಿನ ಕಟ್ಟೆಯ ಮೇಲೆ ಅವಳು ಒಬ್ಬಳೇ ಕೂತಿದ್ದಳು. ನಾನು ಸಂತೋಷದಲ್ಲಿ, “ಏನ ಬೆಡಗ ಆಯಿ! ಎಲ್ಲಿಂದ ಹೊಳೀತು?” ಅಂದೆ.

“ಬೆಡಗೂ ಇಲ್ಲ ಬೆಕ್ಕೂ ಇಲ್ಲ ತಮ್ಮಾ. ಪದಾ ಮರತಿತ್ತು.”

ನಾನು ಅವಳ ಹತ್ತಿರ ಸರಿದು ನಿಂತೆ.

“ಯಾವಾಗಿಂದ ಮರಿಯಾಕತ್ತೇನೋ ನನಗೂ ಗೊತ್ತಿದ್ದಿಲ್ಲ. ಹಲ್ಲ ಇಲ್ಲದಾಗ ಬಾಯಿ ತನ್ನಷ್ಟಕ್ಕ ತಾ ತೊದಲತಿತ್ತು, ನಾ ಹಾಡೇನಿ ಅನಕೊಂತಿದ್ನಿ. ಮಂದೀನೂ ಹಂಗ ತಿಳೀತಿದ್ರು. ನಿಮ್ಮ ಹಲ್ಲ ಬಂದ ಮ್ಯಾಲ ಮನ್ಯಾಗ ಒಬ್ಬಾಕೀನ ಹಾಡಿ ನೋಡಿದ್ನಿ. ನಡುನಡುಕ ಖಾಲಿ.” ಆಯಿ ಕಟ್ಟೆಯ ಮೇಲಿನ ಬೇವಿನ ಎಲೆಗಳನ್ನು ಕೈಯಿಂದ ಸರಿಸಿದಳು. “ಭಾಳ ಚೊಲೊ ಹಲ್ಲ ಕಟ್ಟೀರಿ ಡಾಕ್ಟರ. ಸುಳ್ಳೊಂದು ಬರಂಗಿಲ್ಲ ಅವಕ್ಕ.”

ತಂಗಿಮಗಳು ಚಹಾ ತರುವುದು ದೂರದಿಂದ ಕಾಣಿಸಿತು. ಆಯಿ ಗಡಬಡಿಸಿ ಬಾಯಿಂದ ಮೇಲಿನ ಸೆಟ್ಟು ತೆಗೆದು ನನ್ನ ಅಂಗೈಗೆ ಹಾಕಿದಳು.

“ಭಾಳ ಬಿಗಿ ಆಗೈತಿ. ಎರಡ ಸಲಾ ಜಗ್ಗಬೇಕಾತು ಇವತ್ತ, ಮಂದಿ ನೋಡತಿದ್ರು. ಹೆಬ್ಬಟ್ಟ ಹಚ್ಚಿದ್ರ ಕೈಗಿ ಬರೂಹಂಗ ಮಾಡಿ ಕೊಡ್ರಿ. ಆಕಿಗಿ ಹೇಳಬ್ಯಾಡ್ರಿ.”

ಸೀನಿದರೂ ಕೆಮ್ಮಿದರೂ ಬೀಳದ ಹಾಗೆ ಕೂರಿಸಿದ ಸೆಟ್ಟು ಅದು. ಇರಲಿ ಎಂದು ತಂದಿದ್ದ ಚೀಲದಿಂದ ಸಣ್ಣ ಅರ ತೆಗೆದೆ. ಗುಡಿಯ ಗೋಡೆಗೆ ಬೆನ್ನು ಕೊಟ್ಟು ಕೂತು, ತಂಗಿಮಗಳು ಬಂದು ಮುಟ್ಟುವಷ್ಟರೊಳಗೆ, ಅದರ ಹಿಂದಿನ ಅಂಚನ್ನು ತಿಕ್ಕಿ ಸಡಿಲ ಮಾಡಿದೆ.